ಕಿತ್ತಳೆ, ಬಿಳಿ

"ಕಳ್ಳ ನನ್ಮಗನೇ! ಕಂಡೋರ ಬೋನು ಎತ್ತಿ ಹೊಟ್ಟೆ ಹೊರೀತೀಯಲ್ಲೋ, ಥೂ!"

ಲೋರ್ನ್ ಪೆಟ್ಟಿಗ್ರೋ ಉಗಿದದ್ದು ಧಕ್ಕೆಯ ಹಲಗೆಯ ಮೇಲೆ ಬಿತ್ತು. ಹಿಡಿದು ತಂದದ್ದರ ತೂಕಕ್ಕೆ ಕಾದಿದ್ದವರೆಲ್ಲ ಕೋಲ್ಬಿಯ ಕಡೆ ತಿರುಗಿದರು. ಮೇಯ್ನ್ ರಾಜ್ಯದ ಈ ಕಡಲಂಚಿನಲ್ಲಿ ಹೆಂಡತಿಯನ್ನು ಬಿಟ್ಟು ಓಡಿದವನನ್ನೂ ಕ್ಷಮಿಸುತ್ತಾರೆ, ಇನ್ನೊಬ್ಬನ ಲಾಬ್‌ಸ್ಟರ್ ಹಿಡಿಯುವ ಬೋನು ಎತ್ತಿದವನನ್ನಲ್ಲ. ಮೊದಲು ಅವನ ಬೋನಿನ ಹಗ್ಗಕ್ಕೆ ಎಚ್ಚರಿಕೆಯ ಗಂಟು ಬೀಳುತ್ತದೆ. ಆಮೇಲೆ ಹಗ್ಗವನ್ನೇ ಕತ್ತರಿಸುತ್ತಾರೆ. ಬೋನು ಕಡಲ ತಳ ಸೇರುತ್ತದೆ. ಕೋಲ್ಬಿಯ ಹಗ್ಗಗಳಿಗೆ ಗಂಟು ಬಿದ್ದಾಗಿತ್ತು. ಅಂದಿನಿಂದ ಅವನು ದೋಣಿಯ ರೇಡಿಯೋದಲ್ಲಿ ತನ್ನ ದನಿ ಕೇಳಿ ಸುಮ್ಮನಾದವರನ್ನೆಲ್ಲ ಅನುಮಾನಿಸುತ್ತಿದ್ದ.

"ಸಾಕ್ಷಿ ತೋರ್ಸಿ," ಎಂದಳು ಅವನ ತಂಗಿ ಡಾರ್ಸಿ. ಅವನ ದೋಣಿಯಲ್ಲಿ ದುಡಿಯುವವಳು. ಕೈ ಮುರಿದುಕೊಂಡು ದಡದಲ್ಲಿದ್ದಳು, ಅಣ್ಣ ಒಬ್ಬನೇ ಹೋಗಿಬರುತ್ತಿದ್ದ.

ಲೋರ್ನ್ ಬೋನಿನೊಳಗೆ ಕಟ್ಟುವ ನೀಲಿ ಎರೆಚೀಲವೊಂದನ್ನು ಅವಳ ಕಾಲಬುಡಕ್ಕೆ ಎಸೆದ. "ನನ್ನ ಬೋನಲ್ಲಿತ್ತು. ನೀನೇ ಹೆಣೆದಿದ್ದು ತಾನೇ?"

ಡಾರ್ಸಿ ಒಂದೇ ಕೈಯಲ್ಲಿ ಚೀಲ ಹಿಚುಕಿ ನೋಡಿದಳು. "ತುಂಬ ಎರೆಮೀನಿದೆ. ಲೋರ್ನ್ ಮಾಮ, ಕದ್ದೋನು ಹೊಸ ಎರೆ ಕಟ್ಟಿ ಬಿಡ್ತಾನಾ? ಅಂಥ ಒಳ್ಳೇ ಕಳ್ಳ ನಮ್ಮನೆಗೂ ಬರ್ಲಿ!"

ಯಾರೋ ನಕ್ಕರು. ಲೋರ್ನ್ ನಗಲಿಲ್ಲ.

"ಹಂಗಾದ್ರೆ ತಲೆ ಕೆಟ್ಟಿದೆ, ನನ್ನ ಬೋನನ್ನೇ ತಂದು ಅಂದ್ಕೊಂಡಿದಾನೆ. ಕೋವಿಡ್ ಬಂದು ಹೋದಾಗಿಂದ ಹಿಂಗೇ. ಮೊನ್ನೆ ನನ್ನನ್ನ ಸತ್ತ ನಮ್ಮಪ್ಪನ ಹೆಸರಲ್ಲಿ ಕರ್ದ. ಇವನು ಮಂಜಲ್ಲಿ ನಮ್ಮ ಮಧ್ಯೆ ದೋಣಿ ಬಿಡ್ತಾನೆ! ಹೇಳೋ, ಕಳ್ಳನೋ ಹುಚ್ಚನೋ? ಒಂದು ಹೇಳು, ಒಪ್ಕೋತೀವಿ."

ಯಾವುದನ್ನು ಹೇಳಿದರೂ ಕಡಲು ಕೈತಪ್ಪುತ್ತಿತ್ತು. ನರರೋಗದ ಡಾಕ್ಟರು ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಎಂದಿದ್ದರು. ಆ ಕಾಯಿಲೆಯಾದವರಿಗೆ ಮಿದುಳು ಮಂಕಾಗುವುದುಂಟು, ಸರಿಹೋಗಬಹುದು ಎಂದಿದ್ದರು. ಬಹುದಂತೆ! ಆ ಬಹುದನ್ನು ಯಾರ ಬಾಯಿಗೆ ತುರುಕಬೇಕು? ಇವರಿಗೆ ತೋರಿಸಲು ಒಂದು ಗಾಯವಾದರೂ ಇರಬಾರದಿತ್ತೆ?

"ಅಣ್ಣಾ," ಡಾರ್ಸಿ ಹತ್ತಿರ ಬಂದಳು, "ನಿನ್ನ ತೇಲುಗುಂಡಿನ ಬಣ್ಣ ಹೇಳ್ಬಿಡು. ಇವರ ಬಾಯಿ ಮುಚ್ಲಿ."

ಬೋನು ಯಾರದೆಂದು ತಿಳಿಯಲು ಅದರ ಮೇಲೆ ನೀರಲ್ಲಿ ತೇಲಿಬಿಡುವ ಗುಂಡು. ಅವನು, ಲೋರ್ನ್ ಇಬ್ಬರಲ್ಲಿ ಒಬ್ಬನದು ಕಿತ್ತಳೆ, ನಡುವೆ ಬಿಳಿ ಪಟ್ಟಿ. ಇನ್ನೊಬ್ಬನದು ಬಿಳಿ, ನಡುವೆ ಕಿತ್ತಳೆ. ಕೋಲ್ಬಿಯದು ಅವನಪ್ಪನಿಂದ ಬಂದ ಬಣ್ಣ. ಅವನ ಬೆನ್ನ ಹಿಂದೆ, ದೋಣಿಯ ಚಾವಣಿಯಲ್ಲೇ ಒಂದು ಗುಂಡು ನೇತಾಡುತ್ತಿತ್ತು. ತಿರುಗಿ ನೋಡಿದರೆ ಸಾಕಿತ್ತು. ಆದರೆ ಎಲ್ಲರೂ ಅವನ ಕಣ್ಣನ್ನೇ ನೋಡುತ್ತಿದ್ದರು. ಈಗ ಡಾರ್ಸಿಯೂ.

ಕೋಲ್ಬಿ ದೋಣಿಯ ಕಡೆ ನೋಡದೆ ರಸ್ತೆಯತ್ತ ನಡೆದ.

ಧಕ್ಕೆಯಾಚೆ ಒಂದೇ ಥರದ ಬಿಳಿ ಪಿಕಪ್‌ಗಳು ಸಾಲಾಗಿ ನಿಂತಿದ್ದವು. ಅವನು ಹೆಜ್ಜೆ ನಿಧಾನಿಸಿ, ಜೇಬಿನೊಳಗೇ ಗಾಡಿಯ ಕೀಲಿಯ ಗುಂಡಿ ಒತ್ತಿದ. ಸಾಲಿನ ಕೊನೆಯಲ್ಲಿ ಒಂದರ ದೀಪ ಮಿಟುಕಿತು. ಅತ್ತ ನಡೆದ.