ಕಂಡಿಕೆ ಡಬ್ಬಿಯೊಳಗಿನ ಚಮಚ

ನಾನು ಒಂದು ಚಮಚ. ಬೆಳ್ಳಿಯದಲ್ಲ, ಸ್ಟೀಲಿನದೂ ಅಲ್ಲ. ಕೂಸುಗಳಿಗೆ ಕುಡಿಸುವ ಹಾಲಿನ ಪುಡಿಯ ಡಬ್ಬಿಯೊಳಗೆ ಹೂತುಕೊಂಡು ಬರುತ್ತದಲ್ಲ, ಆ ಬಿಳಿ ಪ್ಲಾಸ್ಟಿಕ್ ಚಮಚ. ಅಚ್ಚಿನಲ್ಲಿ ಬಿದ್ದು ಎದ್ದದ್ದೇ ನನ್ನ ಹುಟ್ಟು. ಅದೇ ಗಳಿಗೆಯಲ್ಲಿ ಹುಟ್ಟಿದ ಒಡಹುಟ್ಟಿದವರು ನೂರಾರು, ಎಲ್ಲರದೂ ಒಂದೇ ಮುಖ. ಆದರೂ ನನಗೆ ಮೊದಲಿನಿಂದ ಸ್ವಲ್ಪ ಜಂಬ. ಇಷ್ಟು ನೀರಿಗೆ ತಲೆ ಸಮ ಮಾಡಿದ ಒಂದು ಚಮಚ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಆ ಚಮಚ ಬೇರೆ ಯಾರೂ ಅಲ್ಲ, ನಾನೇ.

ನನ್ನ ಡಬ್ಬಿ ಬಂದು ಸೇರಿದ್ದು ಬೆಟಗೇರಿಯ ಒಬ್ಬ ನೇಕಾರರ ಮನೆಗೆ. ಮನೆಯ ಮಗಳು ನೀಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆಪರೇಷನ್ ಆಗಿ, ಹೆಣ್ಣು ಕೂಸು ನಾಲ್ಕು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು, ತಾಯಿಯ ಎದೆಗೆ ಬರುವುದು ತಡವಾಗಿತ್ತು. ಹಾಲು ಇತ್ತು, ಸಾಲುತ್ತಿರಲಿಲ್ಲ. ಮೊದಲು ಎದೆಗೆ ಹಾಕಿ, ಆಮೇಲೆ ಪುಡಿ ಹಾಲು ಕುಡಿಸಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಮೊದಲ ದಿನ ನೀಲಾ ತಾನೇ ನನ್ನನ್ನು ತುಂಬಿ, ಚಾಕುವಿನ ಬೆನ್ನಿನಿಂದ ತಲೆ ಸವರಿ, ಕಾಯಿಸಿ ಆರಿಸಿದ ನೀರಿಗೆ ಬೆರೆಸಿ, ಕೊಕ್ಕಿನ ಒಳಲೆಯಲ್ಲಿ ಕುಡಿಸಿದಳು. ಕೂಸು ತುಟಿ ಚಪ್ಪರಿಸಿ ಮಲಗಿತು. ಆ ದಿನ ನನಗಾದ ಸಂತೋಷ ಹೇಳತೀರದು.

ಅದೇ ಮನೆಯಲ್ಲಿ ನೀಲಾಳ ಅಣ್ಣನ ಹೆಂಡತಿ ದಾಕ್ಷಾಯಣಿಗೂ ಐದು ತಿಂಗಳ ಮಗ. ಅವಳಿಗೆ ಹಾಲು ಧಾರಾಳ. ಅತ್ತರೆ ಮಗ್ಗದಿಂದ ಎದ್ದು ಬಂದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

"ನಿಮ್ಮದು ಆರಾಮ ನೋಡ್ರಿ ವೈನಿ," ಎಂದಳು ನೀಲಾ ಒಮ್ಮೆ. "ಸೆರಗು ಸರಿಸಿದ್ರ ಆತು. ನಾವು ನೀರು ಕಾಸಿ ಆರಸೂದ್ರಾಗ ಇದು ಅತ್ತು ಅತ್ತು ಕೆಂಪಾಗತೈತಿ."

"ಆರಾಮ ಎಲ್ಲಿ ಬಂತು," ಎಂದಳು ದಾಕ್ಷಾಯಣಿ. "ಒಂದು ಗೇಣು ನೇಯೂದ್ರಾಗ ಮೂರು ಸಲ ಏಳತೇನಿ. ನಿನ್ನ ಕೂಸಿಗೆ ನಿಮ್ಮವ್ವ ಕುಡಸ್ತಾರ, ನೀ ಅಷ್ಟೊತ್ತು ಕಣ್ಣು ಮುಚ್ಚತಿ. ನನ್ನ ಬದಲಿ ಯಾರು ಕುಡಸಬೇಕು?"

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬಳ ಕಷ್ಟ ಇನ್ನೊಬ್ಬಳಿಗೆ ಸುಖವಾಗಿ ಕಾಣುತ್ತಿತ್ತು, ಅಷ್ಟೇ.

ಬಾಣಂತಿಯನ್ನು ನೋಡಲು ಕೊಬ್ಬರಿ, ಉತ್ತತ್ತಿ ಹಿಡಿದು ಬರುವ ಹೆಂಗಸರು ಹೊಸಿಲು ದಾಟುವ ಮೊದಲೇ ಕೇಳುವುದು ಒಂದೇ ಮಾತು: "ಹಾಲು ಅದಾವೇನವಾ?" ನೀಲಾಳ ತಾಯಿ ಶಂಕ್ರವ್ವನಿಗೆ ಆ ಮಾತು ಚುಚ್ಚುತ್ತಿತ್ತು. ಮಗಳಿಗೆ ಹಾಲಿಲ್ಲ ಎನಿಸಿಕೊಳ್ಳುವುದು ಅವಳಿಂದ ಆಗದ ಕೆಲಸ. ಒಂದು ಮಧ್ಯಾಹ್ನ ಪುಡಿಯನ್ನೆಲ್ಲ ಸ್ಟೀಲಿನ ಡಬ್ಬಿಗೆ ಸುರಿದು, ಹಿಟ್ಟಿನ ಡಬ್ಬಿಗಳ ಸಾಲಿಗೆ ಸೇರಿಸಿದಳು. ಬಿಳಿ ಪುಡಿ ಯಾವುದೆಂದು ಯಾರು ಕೇಳುತ್ತಾರೆ? ಆದರೆ ನಾನು ಕಂಡರೆ ಗುಟ್ಟು ರಟ್ಟಾಗುತ್ತದೆ. ನನ್ನನ್ನು ಖಾಲಿ ಡಬ್ಬಿಗೆ ಹಾಕಿ, ಡಬ್ಬಿಗೆ ಹಳೆಯ ಕ್ಯಾಲೆಂಡರ್ ಸುತ್ತಿ ಮಗ್ಗದ ಪಕ್ಕ ಇಟ್ಟಳು. ಸಂಜೆಯೊಳಗೆ ನನ್ನ ಮೇಲೆ ನೂಲು ಸುತ್ತಿದ ಕಂಡಿಕೆಗಳು ಬಂದು ಬಿದ್ದವು.

ಅಲ್ಲಿಂದ ಹಾಲು ಕಲಸುವ ಕೆಲಸ ಶಂಕ್ರವ್ವನದೇ ಆಯಿತು. ನನಗೆ ಏನೂ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ನನ್ನ ಜಾಗದಲ್ಲಿ ಸಣ್ಣ ಟೀ ಚಮಚವೊಂದು ಸ್ಟೀಲಿಗೆ ತಾಗುವ ಸದ್ದು, ಅದೂ ಒಂದೇ ಸಲ. "ಎಮ್ಮಿ ಹಾಲಿಗೂ ನೀರು ಬೆರಸ್ತೀವಿ. ಎಳೇ ಕರುಳು, ದಪ್ಪ ಆದ್ರ ಜಡ ಆಗತೈತಿ," ಎಂದು ಅವಳು ತನಗೆ ತಾನೇ ಹೇಳಿಕೊಳ್ಳುವುದು. ಆಮೇಲೆ ಕೂಸು ಕುಡಿಯುವುದು, ಸ್ವಲ್ಪ ಹೊತ್ತಿಗೇ ಮತ್ತೆ ಅಳುವುದು. ದಿನ ಕಳೆದಂತೆ ಆ ಅಳು ಸಣ್ಣದಾಗುತ್ತ ಬಂತು. ನಾನು ಕಂಡಿಕೆಗಳ ಕೆಳಗೆ ಒದ್ದಾಡಿದೆ ಎಂದರೆ ನಂಬುತ್ತೀರೋ ಇಲ್ಲವೋ. ಮೊದಲ ಸಲ ನನಗೆ ನನ್ನ ಜಂಬ ನೆನಪಾಗಿ ನಾಚಿಕೆಯಾಯಿತು.

ಹೆರಿಗೆಯಾದ ಇಪ್ಪತ್ತೆರಡನೆಯ ದಿನ ಆಶಾ ಕಾರ್ಯಕರ್ತೆ ರಜಿಯಾ ತೂಕದ ತಕ್ಕಡಿ ಹಿಡಿದು ಬಂದಳು. ಅವತ್ತು ನನಗೆ ಕಾಣದೆ ನಡೆದದ್ದನ್ನೆಲ್ಲ ಆಮೇಲೆ ಶಂಕ್ರವ್ವನ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೇನೆ. ಎದುರು ಮನೆಯ ಗುರುಸಿದ್ದವ್ವ ಆಗಲೇ ಬಂದು ಎಲೆ ಅಡಿಕೆ ಹಾಕುತ್ತ ಕೂತಿದ್ದಳು. ರಜಿಯಾ ಕೂಸನ್ನು ತೂಗಿದಳು, ಇನ್ನೊಮ್ಮೆ ತೂಗಿದಳು.

"ಹುಟ್ಟಿದಾಗಿನಕಿಂತ ಕಡಿಮಿ ಐತಿ. ಇಷ್ಟೊತ್ತಿಗೆ ಏರಬೇಕಿತ್ತು. ಏನು ಕುಡಸಾಕತ್ತೀರಿ?"

"ತಾಯಿ ಹಾಲರಿ. ಮತ್ತೇನು," ಎಂದಳು ಶಂಕ್ರವ್ವ ಗುರುಸಿದ್ದವ್ವನ ಕಡೆ ನೋಡುತ್ತ.

ಆಗ ಒಳಗಿನಿಂದ ನೀಲಾ ಗೋಡೆ ಹಿಡಿದು ಬಂದಳು.

"ಇಲ್ರಿ ಅಕ್ಕಾರ. ನನ್ನ ಹಾಲು ಸಾಲಂಗಿಲ್ಲ. ಡಾಕ್ಟರು ಬರದುಕೊಟ್ಟ ಪುಡಿ ಹಾಕ್ತೀವಿ."

ಗುರುಸಿದ್ದವ್ವನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಇಷ್ಟು ವರ್ಷವಾದರೂ ನಾನು ನೀಲಾಳ ಆ ಮಾತಿಗೆ ಋಣಿ. ಅವಳು ಅದನ್ನು ನುಂಗಿಕೊಂಡಿದ್ದರೆ ಏನಾಗುತ್ತಿತ್ತೋ ಊಹಿಸಲು ನನಗೆ ಈಗಲೂ ಭಯ.

"ಅದರಾಗ ಮುಚ್ಚಿಡೂದು ಏನೈತಿ," ಎಂದಳು ರಜಿಯಾ. "ಹೆಂಗ ಕಲಸ್ತೀರಿ, ತೋರಿಸ್ರಿ."

ಶಂಕ್ರವ್ವ ಟೀ ಚಮಚ ತಂದಳು. ಒಳಲೆಯಲ್ಲಿದ್ದದ್ದನ್ನು ರಜಿಯಾ ಬೆಳಕಿಗೆ ಹಿಡಿದು ನೋಡಿದಳು. "ಇದು ಹಾಲಲ್ಲ ಯಮ್ಮಾ, ನೀರು. ಡಬ್ಬಿ ಜೋಡಿ ಬಂದ ಚಮಚ ಎಲ್ಲಿ?"

ಶಂಕ್ರವ್ವ ಕೂಸಿನ ಮುಖ ನೋಡಿದಳು. "ಮಂದಿ ಮಾತಿಗೆ ಅಂಜಿ ನನ್ನ ಕೈಯಾರ ಕೂಸಿನ್ನ ಉಪವಾಸ ಕೆಡವಿದೆನಲ್ಲ," ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಮಗ್ಗದತ್ತ ಕೈ ತೋರಿಸಿದಳು. ದಾಕ್ಷಾಯಣಿ ಓಡಿ ಬಂದು ಡಬ್ಬಿ ಬೋರಲು ಹಾಕಿದಳು. ಕಂಡಿಕೆಗಳು ನೆಲದ ತುಂಬ ಉರುಳಿದವು, ಅವುಗಳ ನಡುವೆ ನಾನು.

ಅವತ್ತೇ ಕೂಸನ್ನು ಡಾಕ್ಟರಿಗೂ ತೋರಿಸಿದರು. ನನ್ನನ್ನು ಕುದಿಯುವ ನೀರಿಗೆ ಹಾಕಿ ತೆಗೆದರು, ಪುಡಿಯ ಜೊತೆ ಮತ್ತೆ ಸೇರಿಸಿದರು. ದಾಕ್ಷಾಯಣಿ ನೀಲಾಳ ಪಕ್ಕ ಕೂತು ಕೂಸನ್ನು ಎದೆಗೆ ಸರಿಯಾಗಿ ಹಿಡಿಯುವುದು ಹೇಗೆಂದು ತೋರಿಸಿದಳು. ತಾನು ಹಾಲು ಹಿಂಡಿ ಒಳಲೆಯಲ್ಲಿ ಇಟ್ಟರೆ ತನ್ನ ಮಗನಿಗೆ ಅತ್ತೆ ಕುಡಿಸಬಹುದೆಂದು ದಾಕ್ಷಾಯಣಿಗೂ ಗೊತ್ತಾಯಿತು. ಒಮ್ಮೆಯೂ ಏಳದೆ ಎರಡು ಗೇಣು ನೇಯ್ದಳು. ಹದಿನೈದು ದಿನಕ್ಕೆ ತಕ್ಕಡಿಯ ಮುಳ್ಳು ಏರಿತು. ನೀಲಾಳಿಗೆ ಹಾಲು ಹೆಚ್ಚಿತು, ನನ್ನ ಕೆಲಸ ಕಡಿಮೆಯಾಯಿತು. ಬೇಜಾರಾಗಲಿಲ್ಲ ಎಂದರೆ ಸುಳ್ಳು. ಆದರೆ ಕೂಸಿನ ತೊಡೆಯಲ್ಲಿ ಮಡಿಕೆ ಬಿದ್ದದ್ದು ನೋಡಿದಾಗ, ಅದರಲ್ಲಿ ನನ್ನದೆಷ್ಟು ತಾಯಿಯದೆಷ್ಟು ಎಂದು ಲೆಕ್ಕ ಹಾಕುವ ಮನಸ್ಸು ಬರಲಿಲ್ಲ.

ನೀಲಾ ಮಗಳೊಂದಿಗೆ ಗಂಡನ ಮನೆಗೆ ಹೋದಳು. ನಾನು ಶಂಕ್ರವ್ವನ ಎಲೆ ಅಡಿಕೆ ಚೀಲ ಸೇರಿದೆ. ಈಗ ಸುಣ್ಣ ತಾಗಿ ನನ್ನ ಹಿಡಿ ಒರಟಾಗಿದೆ, ಅಂಚು ಸೀಳಿದೆ. ಅಳೆಯುವ ಕೆಲಸಕ್ಕೆ ಬಾರೆನು. ಆದರೂ ಓಣಿಯಲ್ಲಿ ಯಾರಾದರೂ ಹೆತ್ತರೆ ಶಂಕ್ರವ್ವ ಉತ್ತತ್ತಿಯ ಜೊತೆ ನನ್ನನ್ನೂ ಒಯ್ಯುತ್ತಾಳೆ.

ಮೊನ್ನೆ ಹೀಗೆಯೇ ಒಂದು ಮನೆಗೆ ಹೋದೆವು. ಸಣ್ಣ ವಯಸ್ಸಿನ ಬಾಣಂತಿ, ನಮ್ಮನ್ನು ಕಂಡು ದಿಂಬು ಸರಿಸಿ ಏನನ್ನೋ ಮರೆ ಮಾಡಿದಳು. ಶಂಕ್ರವ್ವ ಹಾಲಿನ ಮಾತೇ ಎತ್ತಲಿಲ್ಲ. "ಕೂಸಿನ ಹೊಟ್ಟಿ ತುಂಬತೈತೇನವಾ?" ಎಂದಳು. ಆಮೇಲೆ ನನ್ನನ್ನು ಅಂಗೈ ಮೇಲೆ ಇಟ್ಟುಕೊಂಡು, ತಾನು ಮಾಡಿದ ತಪ್ಪನ್ನು ಒಂದೂ ಬಿಡದೆ ಹೇಳಿದಳು.

ಹುಡುಗಿ ಎಲ್ಲ ಕೇಳಿದಳು. ಕೇಳಿ, ದಿಂಬಿನ ಹಿಂದಿನಿಂದ ಡಬ್ಬಿ ತೆಗೆದು ಎಲ್ಲರ ಎದುರು ಮುಚ್ಚಳ ಬಿಚ್ಚಿದಳು. ಒಳಗೆ ನನ್ನಂಥದೇ ಒಂದು ಹೊಸ ಚಮಚ, ಪುಡಿಯ ಮೇಲೆ, ಕಾಣುವಂತೆ ಇತ್ತು.