ನಾಲೆ ಎಂದವಳು

ಹೊನಗೊನ್ನೆ ಸೊಪ್ಪು ಎರಡು ಸಲ ತೊಳೆದರೂ ಕೆಸರು ಬಿಡುತ್ತಲೇ ಇತ್ತು. ಅನುಸೂಯಾ ಬೋಗುಣಿಯ ನೀರು ಚೆಲ್ಲಿ, ನಲ್ಲಿ ತಿರುಗಿಸಿ, ಸೊಪ್ಪನ್ನು ಮತ್ತೆ ಮುಳುಗಿಸಿದಳು. ಒಂದು ಒಲೆಯಲ್ಲಿ ಬಸ್ಸಾರಿನ ಬೇಳೆ, ಇನ್ನೊಂದರಲ್ಲಿ ಚಹಾ. ಬೇಳೆ ಬೆಂದಿರಬೇಕು, ಕರಗಿರಬಾರದು. ಅದರ ಮೇಲೊಂದು ಕಣ್ಣಿಟ್ಟೇ ಅವಳು ಸೊಪ್ಪಿನ ದಂಟು ಮುರಿಯುತ್ತಿದ್ದಳು. ಹೊರಗೆ ಸೋಫಾದಲ್ಲಿ ಗಂಡ ಮಧುಕರ್ ಮತ್ತು ಹೌಸಿಂಗ್ ಸೊಸೈಟಿಯ ಚೇರ್ಮನ್ ಖಳದಕರ ಕೂತಿದ್ದರು.

"ನಾಲಾ ಮ್ಯಾಡಮ್, ಚಹಾ ಮಿಳೇಲ್ ಕಾ?" ಖಳದಕರ ಅಲ್ಲಿಂದಲೇ ಮರಾಠಿಯಲ್ಲಿ ಕೇಳಿದ.

ಮಧುಕರ್ ನಕ್ಕ. ಅವನ ನಗು ಅಡುಗೆಮನೆಯವರೆಗೂ ಬಂತು. ಅನುಸೂಯಾಳ ಕೈಯಲ್ಲಿದ್ದ ದಂಟು ಎರಡಾಗಬೇಕಾದದ್ದು ನಾಲ್ಕಾಯಿತು.

ಮಂಗಳವಾರದಿಂದ ಅವಳಿಗೆ ಆ ಹೆಸರು. ಲಿಫ್ಟಿನಲ್ಲಿ, ಹಾಲಿನ ಬೂತಿನಲ್ಲಿ, ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ನಗುವ ಮುಖಗಳ ಸಮೇತ. ಮೊದಲ ದಿನ ಅವಳಿಗೆ ಅದು ತಮಾಷೆಯೆಂದೂ ಗೊತ್ತಾಗಿರಲಿಲ್ಲ.

ಪುಣೆಯ ಹಿಂಜವಾಡಿಯ ಆಫೀಸುಗಳನ್ನು ದಾಟಿ, ಗುಡ್ಡದ ಬುಡಕ್ಕೆ ಹತ್ತಿಕೊಂಡಿದ್ದ ಸೊಸೈಟಿ ಅದು. ಗುಡ್ಡದಿಂದ ಇಳಿಯುವ ನೀರು ಕಾಂಪೌಂಡಿನ ಹಿಂದೆ ಬಂದು ಹರಡಿಕೊಳ್ಳುತ್ತಿತ್ತು. ಅಲ್ಲಿ ಆಪು ಹುಲ್ಲು ಆಳೆತ್ತರ ಬೆಳೆದಿತ್ತು. ನೀರುಕೋಳಿಗಳು ಮರಿಗಳನ್ನು ಹಿಂದೆ ಕಟ್ಟಿಕೊಂಡು ಓಡಾಡುತ್ತಿದ್ದವು. ಬೇಸಿಗೆಯಲ್ಲಿ ಊರಿಗೆಲ್ಲ ಟ್ಯಾಂಕರ್ ಬಂದರೂ ಅಲ್ಲಿನ ನೆಲ ಒಣಗುತ್ತಿರಲಿಲ್ಲ. ಆ ಜವುಗಿನ ಅಂಚಿನಲ್ಲಿ ಹೊನಗೊನ್ನೆ ಬೆಳೆದಿರುವುದನ್ನು ಕಂಡ ದಿನ ಅನುಸೂಯಾ ಪಾಂಡವಪುರದ ಅಕ್ಕನಿಗೆ ಫೋನ್ ಮಾಡಿ ಹೇಳಿದ್ದಳು. ಅಂದಿನಿಂದ ವಾರಕ್ಕೆರಡು ಸಲ ಚೀಲ ಹಿಡಿದು ಹಿಂದಿನ ಗೇಟಿನಿಂದ ಇಳಿಯುವುದು. "ನಾಲೆ ಕಡೆ ಹೋಗ್ಬತ್ತೀನಿ ಕಣ್ರೀ" ಎಂದರೆ ಮಧುಕರ್ ಪೇಪರಿನಿಂದ ತಲೆಯೆತ್ತದೆ "ಹೂಂ" ಎನ್ನುತ್ತಿದ್ದ. ಚರಂಡಿ ಸೊಪ್ಪು ಎಂದು ಹಂಗಿಸುತ್ತಲೇ ಎರಡು ಸಲ ಬಡಿಸಿಕೊಳ್ಳುತ್ತಿದ್ದ.

ನಾಲೆ. ಅವಳಿಗೆ ಹರಿಯುವ ನೀರೆಂದರೆ ಅದೇ ಮಾತು. ನಾಲೆಗೆ ನೀರು ಬಿಟ್ಟರು ಎಂದು ಯಾರಾದರೂ ಕೂಗಿದರೆ ಶಾಲೆಯೇ ಖಾಲಿಯಾಗುತ್ತಿದ್ದ ಊರು ಅವಳದು. ಬಟ್ಟೆ ಒಗೆದದ್ದು, ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತದ್ದು, ಗದ್ದೆ ಹಸಿರಾದದ್ದು ಎಲ್ಲ ಅದರಿಂದ. ಪುಣೆಯವರು ಕೊಳಕು ನೀರಿಗೆ ಗಟಾರ ಎನ್ನುವುದನ್ನು ಅವಳು ಬಂದ ವರ್ಷವೇ ಕಲಿತಿದ್ದಳು. ಹೀಗಿರುವಾಗ ನಾಲಾ ಎಂದರೆ ನಾಲೆಯಲ್ಲದೆ ಇನ್ನೇನು?

ಕಳೆದ ವರ್ಷ ಮಧುಕರನ ಎದೆಗೆ ಸ್ಟೆಂಟ್ ಹಾಕಿದರು. ದಿನಾ ನಡೆಯಿರಿ ಎಂದರು ಡಾಕ್ಟರು. ಕಂಪನಿ ಬಸ್ಸುಗಳು ನುಗ್ಗುವ ರಸ್ತೆಯಲ್ಲಿ ಎಲ್ಲಿ ನಡೆಯುವುದು? ಸೊಸೈಟಿಯ ಹಿಂದೆ ವಾಕಿಂಗ್ ಟ್ರ್ಯಾಕ್ ಮಾಡೋಣ ಎಂದು ಅವನೇ ಮೀಟಿಂಗಿನಲ್ಲಿ ಎತ್ತಿದ. ಅನುಸೂಯಾಳಿಗೂ ಅದು ಬೇಕಿತ್ತು. ಮೂರನೆಯ ಮಹಡಿಯ ನೀಲಿಮಾ ಅವಳಿಗಿಂತ ಹೆಚ್ಚು ಹಿಗ್ಗಿದಳು. ನೀಲಿಮಾ ವಿಜಯಪುರದವಳು, ಪಾರ್ಕು ತೋಟಗಳ ನಕ್ಷೆ ಮಾಡುವ ಕೆಲಸ.

ಒಂದು ಭಾನುವಾರ ಇಬ್ಬರೂ ಬಿದಿರುಕೋಲು ಹಿಡಿದು ಜವುಗಿಗೆ ಇಳಿದರು. ನೀಲಿಮಾ ಮುಂದೆ ಕೋಲು ಊರುತ್ತ ಹೋದಳು.

"ಆಂಟಿ, ಎಲ್ಲಿ ಕಾಲು ಹುಗೀತದ ಅಲ್ಲಿ ನಾವ್ ಹೋಗೂದ ಬ್ಯಾಡ. ಗಟ್ಟಿ ನೆಲ ಎಲ್ಲಿ ಅದ, ದಾರಿ ಅಲ್ಲೇ. ಸುತ್ತಾದ್ರ ಆಗ್ಲಿ."

"ಡಾಕ್ಟ್ರು ನಡೀರಿ ಅಂದವ್ರೆ ಕಣಮ್ಮ, ಬೇಗ ಮುಟ್ರಿ ಅಂದಿಲ್ಲ. ಸುತ್ತಾದ್ರೆ ಒಳ್ಳೇದೇ."

"ಆ ತುದಿಗೆ ಒಂದ ಕಡೆ ತಪ್ಪಸಾಕ ಆಗೂದಿಲ್ರಿ. ಅಲ್ಲಿ ಕಂಬ ನೆಟ್ಟು ಮ್ಯಾಲ ಹಲಗಿ ಹಾಕೂದು. ನೀರು ತನ್ನ ಪಾಡಿಗೆ ತಾ ಕೆಳಗ ಹೋಗ್ತದ, ನಾವು ನಮ್ಮ ಪಾಡಿಗೆ ಮ್ಯಾಲ. ಕೆಲಸಾನೂ ನೀರಕೋಳಿ ಮರಿ ದೊಡ್ಡೂ ಆದ ಮ್ಯಾಲೇ ಸುರು ಮಾಡೂಣ."

ಅನುಸೂಯಾ ತನ್ನ ಹಳೆಯ ಅರಿಸಿನ ಬಣ್ಣದ ವಾಯಿಲ್ ಸೀರೆಯನ್ನು ಹರಿದು ಪಟ್ಟಿ ಮಾಡಿಕೊಂಡು ಹೋಗಿದ್ದಳು. ಕಾಲು ಹೂಳದ ಕಡೆಯಲ್ಲೆಲ್ಲ ಗಿಡಕ್ಕೊಂದು ಪಟ್ಟಿ ಕಟ್ಟಿದರು. ಮೇಲೆ ಬಂದು ನೋಡಿದರೆ ಹಳದಿ ಗಂಟುಗಳ ಸಾಲು ಜವುಗಿನ ಹೊಟ್ಟೆಯನ್ನು ಬಳಸಿ, ಗುಡ್ಡದ ಬದಿಯಿಂದ ಡೊಂಕಾಗಿ ಸೊಸೈಟಿಗೆ ವಾಪಸು ಬರುತ್ತಿತ್ತು. ಅದು ಬಂದು ಸೇರುತ್ತಿದ್ದದ್ದು ಅತಿಥಿಗಳ ಪಾರ್ಕಿಂಗ್ ಜಾಗಕ್ಕೆ. ಅಲ್ಲಿ ಖಳದಕರನ ಬಾಡಿಗೆ ಕಾರುಗಳು ವರ್ಷಗಳಿಂದ ಬೀಡುಬಿಟ್ಟಿದ್ದವು.

ಅವನ್ನು ತೆಗೆಯಲು ಒಪ್ಪದ ಖಳದಕರ ಇನ್ನೊಂದು ಗೆರೆ ಎಳೆಸಿದ. ಜವುಗಿನ ಹೊಟ್ಟೆಯ ಮೇಲೇ, ನೆಟ್ಟಗೆ. ಕಟ್ಟಡ ಒಡೆದ ಕಲ್ಲುಮಣ್ಣು ತುಂಬಿ, ನೀರಿಗೆ ಒಂದು ಪೈಪು ಹಾಕಿ, ಮೇಲೆ ಟೈಲ್ಸ್. ಮಧುಕರನನ್ನು ಟ್ರ್ಯಾಕ್ ಕಮಿಟಿಯ ಮುಖ್ಯಸ್ಥನನ್ನಾಗಿ ಮಾಡಿ, ಬಾಗಿಲಿನಲ್ಲಿ ಅವನ ಹೆಸರಿನ ಕಲ್ಲು ನಿಲ್ಲಿಸುವುದಾಗಿ ಮಾತು ಕೊಟ್ಟ. ಮಧುಕರನಿಗೆ ಆಮೇಲೆ ಸುತ್ತು ದಾರಿ ಹಿಡಿಸಲಿಲ್ಲ.

ಮಂಗಳವಾರ ನಗರಪಾಲಿಕೆಯ ಎಂಜಿನಿಯರ್ ಜಾಗ ನೋಡಲು ಬಂದ. ನೀಲಿಮಾ ಕೆಲಸದ ಮೇಲೆ ದೌಂಡಿಗೆ ಹೋಗಿದ್ದಳು. ಎಂಜಿನಿಯರ್ ಕಾಂಪೌಂಡಿನ ಬಳಿ ನಿಂತು, ಅನುಸೂಯಾಳ ಕೈಯಲ್ಲಿದ್ದ ಸೊಪ್ಪಿನ ಚೀಲ ನೋಡಿ, ಸೌಜನ್ಯದಿಂದಲೇ ಮರಾಠಿಯಲ್ಲಿ ಕೇಳಿದ: ತಾಯೀ, ನೀವು ದಿನಾ ಬರುವವರು, ಇದು ಓಢಾ ಅಂತೀರೋ ನಾಲಾ ಅಂತೀರೋ?

ಕೊನೆಗೂ ಯಾರೋ ತನ್ನನ್ನು ಕೇಳಿದರು ಎಂದು ಅವಳ ಎದೆ ಉಬ್ಬಿತ್ತು. "ನಾಲಾ, ಸಾಹೇಬ. ನಾಲಾಚ. ಬಾರಾ ಮಹಿನೇ ಪಾಣೀ" ಎಂದಳು. ವರ್ಷವಿಡೀ ನೀರಿದೆ ಎನ್ನುವುದನ್ನು ಕೈಬೀಸಿಯೂ ತೋರಿಸಿದಳು. ಎಂಜಿನಿಯರ್ ತಲೆಯಾಡಿಸಿ ಬರೆದುಕೊಂಡ. ಖಳದಕರ ಮಧುಕರನ ಬೆನ್ನು ತಟ್ಟಿದ. ಮಧುಕರ್ ತನ್ನ ಬೂಟಿನ ತುದಿ ನೋಡುತ್ತಿದ್ದ.

ನೀಲಿಮಾ ಆ ಸಂಜೆ ಬಂದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು. "ಎಂಥಾ ಕೆಲಸ ಮಾಡಿದ್ರಿ ಆಂಟಿ. ಇಲ್ಲಿ ನಾಲಾ ಅಂದ್ರ ಚರಂಡಿ. ಹೊಲಸು ನೀರಿಂದು. ಚರಂಡಿ ಆದ್ರ ಪೈಪ್ ಹಾಕಿ ಮುಚ್ಚಬಹುದು. ತಾನಾಗೇ ಹರಿಯೂ ಹಳ್ಳಕ್ಕ ಓಢಾ ಅಂತಾರ. ಓಢಾ ಅಂದಿದ್ರ ಮುಚ್ಚಾಕ ಬಿಡ್ತಿರ್ಲಿಲ್ಲ, ಜಾಗಾ ಬಿಟ್ಟೇ ದಾರಿ ಮಾಡ್ಬೇಕಿತ್ತು."

ಈಗ ಬೇಳೆ ಇಳಿಸಿ, ಚಹಾ ಸೋಸಿ, ಅನುಸೂಯಾ ಎರಡು ಕಪ್ಪು ತಂದಿಟ್ಟಳು. ಖಳದಕರ ಕಪ್ಪೆತ್ತಿಕೊಂಡು, ನಾಳೆ ಬೆಳಿಗ್ಗೆಯೇ ಟಿಪ್ಪರುಗಳು ಬರುತ್ತವೆ, ಎಂಜಿನಿಯರ್ ಸಾಹೇಬರೂ ಬರುತ್ತಾರೆ ಎಂದ. "ಕಾಯಿ ಮಧುಕರ್ ಸಾಹೇಬರ ಕೈಯಿಂದ. ಪೂಜೆ ಮಾತ್ರ ನಮ್ಮ ನಾಲಾ ಮ್ಯಾಡಮ್ ಕೈಯಿಂದಲೇ" ಎಂದು ಮರಾಠಿಯಲ್ಲಿ ಹೇಳಿ ಕೈಮುಗಿದ. "ಕಾಯ ವಹಿನೀ, ಯೇಣಾರ ನಾ?"

"ಬರ್ತಾಳೆ ಬರ್ತಾಳೆ" ಎಂದ ಮಧುಕರ್ ಹಿಂದಿಯಲ್ಲಿ.

ಖಳದಕರ ಹೋದ ಮೇಲೆ ಅನುಸೂಯಾ ಕಪ್ಪುಗಳನ್ನು ಎತ್ತಿಕೊಳ್ಳಲಿಲ್ಲ.

"ನಿಮ್ಗೆ ಗೊತ್ತಿತ್ತಾ?"

"ಏನು?"

"ನಾಲಾ ಅಂದ್ರೆ ಇಲ್ಲಿ ಚರಂಡಿ ಅಂತ."

ಮಧುಕರ್ ರಿಮೋಟ್ ಹುಡುಕಿದ. "ಮೂವತ್ತು ವರ್ಷ ಈ ಜನರ ಜೊತೆ ಪ್ಲಾಂಟ್ ಮೇಂಟೆನೆನ್ಸ್ ಮಾಡಿದ್ದೀನಿ. ಗೊತ್ತಿರಲ್ವಾ?"

"ನಾನು ನಾಲೆ ಅನ್ನೋ ಅರ್ಥದಾಗೆ ಹೇಳ್ದೆ ಅಂತ್ಲೂ ಗೊತ್ತಿತ್ತು."

"ಗೊತ್ತಿತ್ತು ಅಂತಾನೇ ಇಟ್ಕೊ. ಏನಿವಾಗ?" ಅವನ ದನಿ ಮೆತ್ತಗಾಯಿತು, ಒಲಿಸಿಕೊಳ್ಳುವಾಗಿನ ಮೆತ್ತಗಿನ ದನಿ. "ಅಲ್ಲ ಕಣೆ ಅನೂ, ನಿನ್ ಒಂದು ಮಾತಿಂದ ಕೆಲ್ಸ ಸಲೀಸಾಯ್ತು. ಇಲ್ದಿದ್ರೆ ಪರ್ಮಿಶನ್ನು ಅದು ಇದು ಅಂತ ಎರಡು ವರ್ಷ ಎಳೆಯೋರು. ನನ್ನ ಎದೆಗಿಂತ ಆ ಕೆಸರು ಹೆಚ್ಚಾಯ್ತಾ ನಿಂಗೆ?"

"ನಡೆಯೋಕೆ ಬೇಡ ಅಂದೋರ್ಯಾರು? ಸುತ್ತಿ ಬಳಸಿ ನಡೀರಿ ಅಂದೆ."

"ಸೊಪ್ಪು ಮಾರ್ಕೆಟ್ ಯಾರ್ಡಿಂದ ತರುಸ್ತೀನಿ ಬಿಡು. ಗಾಡಿ ತುಂಬ."

ಅವಳಿಗೆ ಎದ್ದ ಸಿಟ್ಟು ಖಳದಕರನ ಮೇಲಿನದಲ್ಲ. ಅವನು ಪರಕೀಯ, ಅವನಿಗೆ ನಾಲಾ ಎಂದರೆ ನಾಲಾ. ಇವನು ಅದೇ ನೀರು ಕುಡಿದು ಬೆಳೆದವನು. ಮದುವೆಯಾದ ಹೊಸದರಲ್ಲಿ ನಾಲೆಯ ಏರಿಯ ಮೇಲೆ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದವನು. ಆ ಮಾತು ತನ್ನ ಬಾಯಲ್ಲಿ ಏನೆಂದು ಅಲ್ಲಿ ನಿಂತಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದು ಬೂಟು ನೋಡಿದ. ನೀರನ್ನು ಮುಚ್ಚಲು ಅವಳ ನಾಲಿಗೆಯನ್ನೇ ಸಲಿಕೆ ಮಾಡಿಕೊಂಡ.

ಅವಳು ಕಸದ ಬುಟ್ಟಿ ತೆಗೆದುಕೊಂಡು ಕೆಳಗಿಳಿದಳು. ಕಸ ಹಾಕಿ, ಹಿಂದಿನ ಗೇಟಿನವರೆಗೆ ಹೋದಳು. ಜವುಗಿನ ನಡುವೆ ಸುಣ್ಣದ ಗೆರೆ, ಎರಡೂ ಬದಿಗೆ ಕೆಂಪು ತಲೆಯ ಗೂಟಗಳು. ಒಂದು ಗೂಟದ ಬುಡದಲ್ಲೇ ನೀರುಕೋಳಿ ಮರಿಗಳೊಂದಿಗೆ ಮೇಯುತ್ತಿತ್ತು. ಅನುಸೂಯಾ ಗುಡ್ಡದ ಬದಿಗೆ ಕಣ್ಣು ಹಾಯಿಸಿದಳು. ಹಳದಿ ಗಂಟು ಒಂದೂ ಕಾಣಲಿಲ್ಲ. ಗಾಳಿಗೆ ಬಿಚ್ಚಿಹೋಗುವಷ್ಟು ಸಡಿಲವಾಗಿ ಅವಳು ಕಟ್ಟಿರಲಿಲ್ಲ.

ವಾಪಸು ಬರುವಾಗ ಪಾರ್ಕಿಂಗಿನಲ್ಲಿ ತಮ್ಮ ಕಾರಿನ ಬಳಿ ನಿಂತಳು. ಮಧುಕರ್ ಅಂದೇ ಒರೆಸಿದ್ದರಿಂದ ಬಾನೆಟ್ ಹೊಳೆಯುತ್ತಿತ್ತು. ಪಕ್ಕದ ಬಕೆಟ್ಟಿನ ಅಂಚಿಗೆ ಒರೆಸುವ ಬಟ್ಟೆಗಳು ಜೋತುಬಿದ್ದಿದ್ದವು. ಗ್ರೀಸು ಮೆತ್ತಿ, ಮುದುರಿ, ಅರಿಸಿನ ಬಣ್ಣದ ವಾಯಿಲ್ ಪಟ್ಟಿಗಳು. ಕೆಲವುಗಳಲ್ಲಿ ಅವಳು ಹಾಕಿದ ಗಂಟು ಹಾಗೇ ಇತ್ತು; ಬಿಚ್ಚುವಷ್ಟೂ ತಾಳ್ಮೆಯಿಲ್ಲದೆ ಅವನು ರೆಂಬೆ ಸಮೇತ ಕಿತ್ತಿದ್ದ.

ಅವಳಿಗೆ ಬಕೆಟ್ ಒದೆಯಬೇಕೆನಿಸಿತು. ಮೇಲೆ ಹೋಗಿ ಆ ರಿಮೋಟು ಕಿತ್ತುಕೊಂಡು, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಕೂಗಾಡಬೇಕೆನಿಸಿತು. ಕೂಗಾಡಿದರೆ ಏನಾಗುತ್ತದೆಂದೂ ಗೊತ್ತಿತ್ತು. ಅವನು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಾನೆ, ಅವಳು ಮಾತ್ರೆ ತರಲು ಓಡುತ್ತಾಳೆ, ಬೆಳಗಾಗುತ್ತದೆ, ಟಿಪ್ಪರು ಬರುತ್ತದೆ. ಅವಳು ಪಟ್ಟಿಗಳನ್ನೆಲ್ಲ ಹೆಕ್ಕಿ ಕಸದ ಬುಟ್ಟಿಯಲ್ಲಿ ಹಾಕಿಕೊಂಡು ಮೆಟ್ಟಿಲು ಹತ್ತಿದಳು.

ಸೊಪ್ಪು ತೊಳೆದ ಬೋಗುಣಿಯಲ್ಲೇ ಪಟ್ಟಿಗಳನ್ನು ನೆನೆಸಿ, ಸೋಪು ಹಚ್ಚಿ ಗಸಗಸ ಉಜ್ಜಿದಳು. ಉಜ್ಜುತ್ತ ಬಾಯೊಳಗೇ ಹೇಳಿಕೊಂಡಳು: ಓಢಾ. ಢಾ ಎನ್ನುವಲ್ಲಿ ನಾಲಿಗೆ ಅಂಗುಳಕ್ಕೆ ಹತ್ತಿ ಬೀಳಬೇಕಿತ್ತು. ನಾಲಾ ನಾಹೀ, ಸಾಹೇಬ. ಓಢಾ. ನನ್ನದು ತಪ್ಪಾಯಿತು ಎನ್ನುವುದಕ್ಕೆ ಮರಾಠಿಯಲ್ಲಿ ಏನನ್ನಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಫೋನು ಬಂತು. ನೀಲಿಮಾ. "ಆಂಟಿ, ನಾಳೆ ಪೂಜಿಗೆ ನೀವು ಹೋಗ್ತೀರಂತ? ಗ್ರೂಪಿನ್ಯಾಗ ಹಾಕ್ಯಾರ." ಅವಳ ದನಿಯಲ್ಲಿ ಬೇಸರವಿತ್ತು.

"ಹೋಗ್ತೀನಿ ಕಣಮ್ಮ" ಎಂದಳು ಅನುಸೂಯಾ. ಅಷ್ಟೇ ಹೇಳಿ ಫೋನಿಟ್ಟಳು.

ಬೇಳೆ ಬಸಿದು, ಸೊಪ್ಪು ಬೇಯಿಸಿ, ಖಾರ ರುಬ್ಬಿ ಒಗ್ಗರಣೆ ಹಾಕಿದಳು. ಮಧುಕರ್ ಮುದ್ದೆ ಮುರಿದು ಸಾರಿಗೆ ಅದ್ದಿ, "ಇದೇ ಕೊನೇ ನಾಲೆ ಸಾರು ಅನ್ನು" ಎಂದು ನಕ್ಕು, ಅವಳು ನಗದಿದ್ದುದನ್ನು ಕಂಡು ತಟ್ಟೆ ನೋಡಿದ. ಮತ್ತೆ ಕೇಳಿದ, "ನಾಳೆ ತಟ್ಟೆ ರೆಡಿ ಇದೆ ತಾನೆ?"

"ಮಾಡ್ತೀನಿ."

ಊಟವಾದ ಮೇಲೆ ಅವಳು ಪೂಜೆಯ ತಟ್ಟೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿದಳು. ಅರಿಸಿನ, ಕುಂಕುಮ, ಕರ್ಪೂರ, ಊದುಬತ್ತಿ. ಬಾಲ್ಕನಿಯ ತಂತಿಯಲ್ಲಿ ಪಟ್ಟಿಗಳು ಬೀಸಿದ ಅಷ್ಟಿಷ್ಟು ಗಾಳಿಗೇ ಒಣಗಿದ್ದವು; ಹಳೆಯ ವಾಯಿಲ್, ನೀರು ಹಿಡಿದುಕೊಳ್ಳುವುದಿಲ್ಲ. ಒಂದೊಂದನ್ನೂ ತೊಡೆಯ ಮೇಲೆ ಹಾಕಿ ಅಂಗೈಯಿಂದ ನೇರ್ಪು ಮಾಡಿ, ಸುರುಳಿ ಸುತ್ತಿ, ತಟ್ಟೆಯ ತುಂಬ ಸಾಲಾಗಿ ಜೋಡಿಸಿದಳು. ಮೇಲೊಂದು ಬಾಳೆಲೆ ಮುಚ್ಚಿ, ಅದರ ನಡುವೆ ತೆಂಗಿನಕಾಯಿಯನ್ನು ಜುಟ್ಟು ಮೇಲಾಗಿ ಇಟ್ಟು, ಉರುಳದ ಹಾಗೆ ಸ್ವಲ್ಪ ಒತ್ತಿದಳು.