ಕ್ಯಾನ್ಸರ್ ಬಂದವರಿಗೆ ಸಕ್ಕರೆ ಕಾಯಿಲೆ ಬರಬಾರದೆಂದಿದೆಯೇ?

ಕುರುಗೋಡಿನ ಗವಿಸಿದ್ದಪ್ಪನವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅವರ ಮನೆಗೆ ಬಂದಷ್ಟು ಸಿಹಿ ಮದುವೆ ಮನೆಗೂ ಬಂದಿರಲಿಕ್ಕಿಲ್ಲ. ನೋಡಲು ಬಂದವರೆಲ್ಲ ಪೇಡೆ, ಮೈಸೂರುಪಾಕು ತರುವವರೇ. ರೋಗಿಯ ಮನೆಗೆ ಬರಿಗೈಯಲ್ಲಿ ಹೋಗುವುದು ನಮ್ಮಲ್ಲಿ ಮಹಾಪಾಪವಲ್ಲವೇ! ಹೆಂಡತಿ ದಾಕ್ಷಾಯಣಮ್ಮ ಹೊತ್ತುಹೊತ್ತಿಗೆ ತುಪ್ಪ ಸುರಿದು ಉಣಿಸುತ್ತಿದ್ದರು. ಮಂಚ ಬಿಟ್ಟು ಇಳಿಯಲು ಬಿಡುತ್ತಿರಲಿಲ್ಲ. ಗಂಡನ ಹೊಟ್ಟೆ ಮುಂದೆ ಬಂದಾಗ "ಮೈ ತುಂಬ್ಕೊಂಡಾರ" ಎಂದು ಹಿಗ್ಗಿದರು.

ಒಂದು ದಿನ ಸಿರಿಗೇರಿಯಿಂದ ಹಳೆಯ ಗೆಳೆಯ ಹಸನಸಾಬ್ ಬಂದರು. ಅವರಿಗೂ ಇದೇ ಕ್ಯಾನ್ಸರ್‌ಗೆ, ಗವಿಸಿದ್ದಪ್ಪನವರು ಈಗ ತೆಗೆದುಕೊಳ್ಳುತ್ತಿದ್ದ ಇಂಜೆಕ್ಷನ್ನೇ ಆಗಿತ್ತು. ತಂದಿದ್ದು ಮೆಂತ್ಯ ಸೊಪ್ಪು. ದಾಕ್ಷಾಯಣಮ್ಮ ಮುಖ ಗಂಟಿಕ್ಕಿಕೊಂಡೇ ಇಬ್ಬರಿಗೂ ಹೋಳಿಗೆ ಬಡಿಸಿದರು.

"ಅಕ್ಕಾರ, ಇವನ ಸಕ್ರಿ ಪರೀಕ್ಷಾ ಮಾಡ್ಸೀರೇನು?"

"ಕ್ಯಾನ್ಸರ್ ಬಂದ ಮ್ಯಾಲ ಸಕ್ರಿ ಯಾವ ಲೆಕ್ಕರಿ? ಉಂಡ್ರ ತಾನ ಶಕ್ತಿ ಬರೋದು!"

"ನಾನೂ ಹಂಗ ಅಂದ್ಕೊಂಡಿದ್ದೆ. ಇದು ಗಂಡಸರ ಹಾರ್ಮೋನ್ ಇಳಸೋ ಇಂಜೆಕ್ಷನ್. ಕ್ಯಾನ್ಸರ್ ತಡೀತೈತಿ, ಖರೆ. ಆದ್ರ ಬೊಜ್ಜು ಬೆಳೀತೈತಿ, ಕೈಕಾಲಿನ ಬಲ ಇಳೀತೈತಿ, ಸಕ್ರಿನೂ ಏರಬಹುದು. ನನಗ ಕ್ಯಾನ್ಸರ್ ಹತೋಟಿಗೆ ಬಂತು, ಎದಿನೋವು ಶುರುವಾತು!"

"ಹಂಗಾರ ಇಂಜೆಕ್ಷನ್ನ ಬಿಡ್ಸಿಬಿಡ್ತೀನಿ!"

"ಬ್ಯಾಡ್ರಿ ಅಕ್ಕಾರ! ಬಿಟ್ರ ಕ್ಯಾನ್ಸರ್ ಮತ್ತ ಏಳ್ತೈತಿ. ಇಂಜೆಕ್ಷನ್ ಇರ್ಲಿ, ಹೋಳಿಗಿ ಹೋಗ್ಲಿ."

ಗವಿಸಿದ್ದಪ್ಪ ಮೆಲ್ಲಗೆ ತಟ್ಟೆ ಸರಿಸಿದರು. "ನಿನಗ ಬ್ಯಾಸರ ಆಗಬಾರದಂತ ಉಣ್ತಿದ್ದೆ, ದಾಕ್ಷಾಯಣಿ. ಬಚ್ಚಲಕ್ಕ ಹೋಗಿ ಬರೋದ್ರಾಗ ದಮ್ಮು ಹತ್ತತೈತಿ."

ದಾಕ್ಷಾಯಣಮ್ಮ ಉಳಿಸಿಕೊಳ್ಳಬೇಕೆಂದು ಉಣಿಸಿದ್ದೇ ಮುಳುವಾಯಿತೇ ಎಂದು ಅತ್ತುಬಿಟ್ಟರು. "ಅಳೋದು ಆಮ್ಯಾಲ ಆಗ್ಲಿ, ಮೊದ್ಲು ಬಳ್ಳಾರಿ ಬಸ್ ಹತ್ರಿ" ಎಂದರು ಹಸನಸಾಬ್.

ಬಳ್ಳಾರಿಯಲ್ಲಿ ಪರೀಕ್ಷೆ ಮಾಡಿಸಿದಾಗ ಸಕ್ಕರೆಯೂ ಏರಿತ್ತು, ರಕ್ತದೊತ್ತಡವೂ ಏರಿತ್ತು. ಹೃದಯಕ್ಕೆ ಇನ್ನೂ ಪೆಟ್ಟು ಬಿದ್ದಿರಲಿಲ್ಲ. ಡಾಕ್ಟರ್ ಮಾತ್ರೆ ಕೊಟ್ಟು, ಮೊದಲು ನಿಧಾನವಾಗಿ, ಆಮೇಲೆ ಚುರುಕಾಗಿ ನಡೆಯಲು ಹೇಳಿದರು. ಇಂಜೆಕ್ಷನ್ ಮುಂದುವರಿಯಿತು. ಈಗ ಸಂಜೆಯಾದರೆ ಗಂಡಹೆಂಡತಿ ಇಬ್ಬರೂ ಬಸವೇಶ್ವರ ಗುಡಿಯ ದಾರಿಯಲ್ಲಿ ಸಿಗುತ್ತಾರೆ. "ಜಲ್ದಿ ಬಾ, ನೀನ ಹಿಂದ ಬಿದ್ದಿ ನೋಡು" ಎಂದು ಗವಿಸಿದ್ದಪ್ಪನವರೇ ಹೆಂಡತಿಯನ್ನು ಅವಸರಪಡಿಸುತ್ತಾರೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಚಿಕಿತ್ಸೆ ಪಡೆಯುವವರಿದ್ದಾರೆಯೇ? ಅವರ ತೂಕ, ಸಕ್ಕರೆ, ಕೊಬ್ಬು, ರಕ್ತದೊತ್ತಡ ಪರೀಕ್ಷೆ ಮಾಡಿಸಿ. ಚಿಕಿತ್ಸೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ, ಕೈ ಹಿಡಿದು ಹೊರಗೆ ನಡೆಸಿ. ಕ್ಯಾನ್ಸರ್ ಗೆದ್ದವರನ್ನು ಹೃದಯಾಘಾತಕ್ಕೆ ಬಿಟ್ಟುಕೊಡಬೇಡಿ.